ಬದುವಿನಾಚೆಯ ಪರಾಗ

ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದವರಿಗೆಲ್ಲ ಸ್ಟೀಲ್ ಡಬ್ಬಿ ಕೊಡೋಣವೆಂದು ಮನೆಯಲ್ಲಿ ಮಾತು ಬಂದಾಗ ಬೇಡವೆಂದವಳು ನಾನೇ. ಬೈಲಹೊಂಗಲದ ಪ್ರತಿ ಅಡುಗೆಮನೆಯಲ್ಲೂ ಯಾರದೋ ಹೆಸರು ಕೆತ್ತಿದ ಡಬ್ಬಿಗಳು ಉರುಳಾಡುತ್ತಿವೆ, ಇನ್ನೊಂದು ಏಕೆ? ಕಟಕೋಳದಲ್ಲಿರುವ ನನ್ನ ತಂಗಿ ಗುಡ್ಡದ ಹತ್ತಿರದ ತನ್ನ ಹೊಲದ ಮೂಲೆಯಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದಳು. ಅವಳ ಜೇನನ್ನೇ ಸಣ್ಣ ಬಾಟಲಿಗಳಲ್ಲಿ ತುಂಬಿಸಿ ಎಲ್ಲರಿಗೂ ಹಂಚಿದೆ. ಪ್ರತಿ ಬಾಟಲಿಗೂ ತಂಗಿ ತನ್ನ ಕೈಯಿಂದಲೇ ‘ಗುಡ್ಡದ ಜೇನು’ ಎಂದು ಬರೆದು ಚೀಟಿ ಅಂಟಿಸಿದ್ದಳು.

ಚಳಿ ಬಿತ್ತು. ಬಾಟಲಿಗಳಲ್ಲಿದ್ದ ಜೇನೆಲ್ಲ ತುಪ್ಪದ ಹಾಗೆ ಹೆಪ್ಪುಗಟ್ಟಿತು. ಓಣಿಯ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬಾಕೆ ಬಾಟಲಿಯ ಫೋಟೋ ಹಾಕಿ ಪಕ್ಕದಲ್ಲೊಂದು ನಗುವ ಮುಖ ಇಟ್ಟಳು, ಅಷ್ಟು ಸಾಕಾಯಿತು. ನಾನು ಬ್ಲೌಸ್ ಹೊಲಿಯುವವಳು. ಅಳತೆ ಕೊಡಲು ಬಂದವರೆಲ್ಲ ಕೈ ಎತ್ತಿ ನಿಂತುಕೊಂಡೇ ಹೆಪ್ಪುಗಟ್ಟಿದ್ದು ಸಕ್ಕರೆ ಪಾಕ ಬೆರೆಸಿದ್ದಕ್ಕೇ ಎಂಬ ಮಾತು ತೆಗೆಯತೊಡಗಿದರು. ಒಬ್ಬಾಕೆಯಂತೂ ರೊಟ್ಟಿಗೆ ಸವರಿ ನಾಯಿಗೆ ಹಾಕಿ ಪರೀಕ್ಷೆ ಮಾಡಿದ್ದಳು. ನಿಜವಾದ ಜೇನನ್ನು ನಾಯಿ ಮುಟ್ಟುವುದಿಲ್ಲವಂತೆ, ಇದನ್ನು ತಿಂದಿತಂತೆ. ನಮ್ಮ ಓಣಿಯ ಆ ನಾಯಿ ಚಪ್ಪಲಿಯನ್ನೂ ತಿನ್ನುತ್ತದೆ. ಅದರ ತೀರ್ಪಿಗೆ ನನ್ನ ತಂಗಿ ಕಳ್ಳಿಯಾದಳು.

ಸುದ್ದಿ ಕಟಕೋಳ ಮುಟ್ಟಲು ಎಷ್ಟು ಹೊತ್ತು? ತಂಗಿ ಫೋನಿನಲ್ಲಿ ಅಳಲಿಲ್ಲ, ಪೆಟ್ಟಿಗೆಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಷ್ಟೇ ಹೇಳಿದಳು. ನಾಲ್ಕು ಜನರ ಮುಂದೆ ತಲೆ ಎತ್ತದ ಹುಡುಗಿ ಅವಳು. ಆ ಪೆಟ್ಟಿಗೆಗಳು ಬಂದ ಮೇಲೆ ಸವದತ್ತಿಯ ಕೃಷಿ ಮೇಳದಲ್ಲಿ ನಿಂತು ಗಂಡಸರಿಗೇ ಹುಳದ ಪಾಠ ಹೇಳುವಷ್ಟು ಬದಲಾಗಿದ್ದಳು. ಪೆಟ್ಟಿಗೆ ಹೋದರೆ ಆ ದನಿಯೂ ಹೋಗುತ್ತದೆಂದು ನನಗೆ ಗೊತ್ತಿತ್ತು.

ದಾರಿ ತೋರಿಸಿದವಳು ಮಗಳು. ಧಾರವಾಡದಲ್ಲಿ ಅವಳಿಗೆ ಸಸ್ಯಶಾಸ್ತ್ರ ಕಲಿಸಿದ ಮೇಡಂ ಹೂವಿನ ಪರಾಗವನ್ನೇ ಅಭ್ಯಾಸ ಮಾಡುವವರು. ಹೂವಿನ ಪುಡಿ ನೋಡುವುದಕ್ಕೆ ಸರಕಾರ ಸಂಬಳ ಕೊಡುತ್ತದೆಯೇ ಎಂದು ನಾನು ಹಿಂದೆ ನಕ್ಕಿದ್ದೆ. ಈಗ ಅದೇ ಬಾಯಿ ಮುಚ್ಚಿಕೊಂಡು, ಎರಡು ಬಾಟಲಿ ಚೀಲದಲ್ಲಿಟ್ಟು, ತಂಗಿಯನ್ನೂ ಎಳೆದುಕೊಂಡು ಧಾರವಾಡದ ಬಸ್ಸು ಹತ್ತಿದೆ.

ಮೇಡಂ ಜೇನನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಯಂತ್ರದಲ್ಲಿ ಗರಗರ ತಿರುಗಿಸಿ, ತಳಕ್ಕೆ ಕೂತ ಕಣಗಳನ್ನು ಗಾಜಿನ ಮೇಲೆ ಹಚ್ಚಿದರು. ಅವಸರವಿಲ್ಲದ ಕೈ. ಬಟ್ಟೆ ಕತ್ತರಿಸುವಾಗ ನನ್ನ ಕೈ ಹಾಗಿರುತ್ತದೆಂದು ನಾನು ಬೀಗುತ್ತಿದ್ದೆ, ಅಂದು ಆ ಜಂಬ ಇಳಿಯಿತು. ಕಪಾಟಿನ ತುಂಬ ಅವರೇ ಊರೂರು ತಿರುಗಿ ತಂದ ಹೂಗಳ ಪರಾಗದ ಗಾಜುಗಳಿದ್ದವು. ಪರಾಗದ ಹೊರಗವಚ ಎಷ್ಟು ಗಟ್ಟಿಯೆಂದರೆ ಕೆರೆಯ ಹೂಳಿನಲ್ಲಿ ಸಾವಿರಾರು ವರ್ಷ ಹಾಗೇ ಉಳಿಯುತ್ತದಂತೆ. ಅದನ್ನು ನೋಡಿ, ಹಿಂದಿನವರು ಇಲ್ಲಿ ಏನು ಬಿತ್ತುತ್ತಿದ್ದರು, ಎಂಥ ಕಾಡಿತ್ತು ಎಂದೆಲ್ಲ ಹೇಳಬಹುದಂತೆ. ಯಾವ ಹೂವಿನ ಕಾಲಕ್ಕೆ ಯಾರಿಗೆ ಉಬ್ಬಸ ಬರುತ್ತದೆಂದು ತಿಳಿಯಲು ಡಾಕ್ಟರರೂ ಇವರನ್ನೇ ಕೇಳುತ್ತಾರಂತೆ.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಹಳದಿ ಚೆಂಡುಗಳು, ಮೈತುಂಬ ಮುಳ್ಳು, ಒಂದರ ಪಕ್ಕ ಒಂದು. ಇಷ್ಟು ಚೆಂದದ್ದನ್ನು ದಿನಾ ಸೀರೆಯಿಂದ ಕೊಡವಿ ಹಾಕುತ್ತೇವಲ್ಲ ಎನ್ನಿಸಿ ಕಣ್ಣು ತುಂಬಿತು.

“ಇದು ಸೂರ್ಯಕಾಂತಿ ರೀ,” ಎಂದರು ಮೇಡಂ. “ಈ ಹೂವಿನ ಜೇನು ಚಳಿಗೆ ಲಗೂನ ಹೆಪ್ಪಗಟ್ಟತೈತಿ, ಅದರ ಗುಣಾನ ಹಂಗ. ಪಾಕ ಸುರುವಿದ್ರ ಪರಾಗ ಇಷ್ಟ ದಟ್ಟ ಇರೂದಿಲ್ಲ. ಖಾತ್ರಿಗೆ ಸಕ್ರೀದು ಬ್ಯಾರೆ ಪರೀಕ್ಷಾನೂ ಮಾಡಸ್ತೇನಿ.”

ನಾನು ಗೆದ್ದವಳ ಹಾಗೆ ತಂಗಿಯ ಕಡೆ ತಿರುಗಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಗುಡ್ಡದ ಹೂವು ಇಲ್ಲವೇ ಎಂದು ಕೇಳಿದಳು. ಮೇಡಂ ಇನ್ನೊಮ್ಮೆ ತಾಳ್ಮೆಯಿಂದ ಹುಡುಕಿ, ಜಾಲಿಯದು ಅಲ್ಲೊಂದು ಇಲ್ಲೊಂದು ಇದೆ, ಗುಡ್ಡದ ಜೇನು ಎನ್ನುವಷ್ಟಿಲ್ಲ ಎಂದರು. ಸಮಾಧಾನಕ್ಕೆಂದು ಒಂದು ಮಾತನ್ನೂ ಹೆಚ್ಚು ಹೇಳಲಿಲ್ಲ. ಅವರ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆಗ.

ತಂಗಿ ಮೋಸ ಮಾಡಿರಲಿಲ್ಲ. ಅವಳ ಹುಳುಗಳು ಬೆಳಿಗ್ಗೆ ಎದ್ದು ಗುಡ್ಡದ ದಿಕ್ಕಿಗೇ ಹಾರುತ್ತಿದ್ದವು. ಆದರೆ ಗುಡ್ಡಕ್ಕೂ ಮೊದಲು, ಎತ್ತರದ ಬದುವಿನಾಚೆ, ಅವಳ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ, ಹೊಲವಿತ್ತು. ಆಸ್ತಿ ಪಾಲಾದಾಗ ಅದೇ ಬದುವಿಗಾಗಿ ಜಗಳವಾಗಿ ಎರಡೂ ಮನೆಯವರು ಮಾತು ಬಿಟ್ಟಿದ್ದರು. ನಮ್ಮ ಕಡೆ ಮಾತು ಬಿಟ್ಟವರ ಮನೆಯ ನೀರು ಕುಡಿಯುವುದಿಲ್ಲ, ಅವರ ಬೆಳೆಯ ಕಡೆ ಕಣ್ಣೂ ಹಾಯಿಸುವುದಿಲ್ಲ. ತಂಗಿ ಆ ಹಟವನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಆಚೆ ಏನು ಬಿತ್ತಿದ್ದಾರೆಂಬುದೂ ಅವಳಿಗೆ ಗೊತ್ತಿರಲಿಲ್ಲ. ಹುಳುಗಳಿಗೆ ಈ ಜಗಳದ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ.

ಸಕ್ಕರೆಯ ಪರೀಕ್ಷೆಯಲ್ಲೂ ಜೇನು ಪಾಸಾಯಿತು. ಓಣಿಯ ಗುಂಪಿನಲ್ಲಿ ಆ ಮುಳ್ಳುಚೆಂಡುಗಳ ಫೋಟೋ ಹಾಕಿ, ನಾನೂ ಪಕ್ಕದಲ್ಲೊಂದು ನಗುವ ಮುಖ ಇಟ್ಟೆ. ತಂಗಿ ಮಾತ್ರ ಉಳಿದ ಬಾಟಲಿಗಳ ಚೀಟಿ ಕಿತ್ತು ‘ಸೂರ್ಯಕಾಂತಿ ಜೇನು’ ಎಂದು ಬರೆದಳು. ಮೊದಲ ಬಾಟಲಿ ಹಿಡಿದುಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು ನೆಗೆಣ್ಣಿಯ ಮನೆಗೆ ಹೋದಳು.

ನೆಗೆಣ್ಣಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಂಗಿ ಬಾಟಲಿ ಮುಂದಿಟ್ಟು, ಇದು ನಿಮ್ಮ ಹೊಲದ ಹೂವಿನದು, ನನಗೆ ಗೊತ್ತಿರಲಿಲ್ಲ ಎಂದಳು. ಆಕೆ ಮೊರವನ್ನು ಕೆಳಗಿಡಲೂ ಇಲ್ಲ.

“ನನಗ ಗೊತ್ತಿತ್ತು ಬಿಡ,” ಎಂದಳು. “ನಿನ್ನ ಹುಳಾ ಮುಂಜಾನಿಂದ ನಮ್ಮ ಹೂವಿನ ಮ್ಯಾಲ ಇರತಾವ. ಅದಕ್ಕ ನಾವು ಎಣ್ಣಿ ಹೊಡಿಯೂದು ಹೊತ್ತ ಮುಣಗಿದ ಮ್ಯಾಲ, ಅವು ಮನಿಗಿ ಹೋದಿಂದ.”

ಎಣ್ಣೆ ಎಂದರೆ ನಮ್ಮಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ. ಹಗಲು ಹೊಡೆದಿದ್ದರೆ ತಂಗಿಯ ಪೆಟ್ಟಿಗೆಗಳು ಎಂದೋ ಖಾಲಿಯಾಗುತ್ತಿದ್ದವು. ತಂಗಿ ಅಲ್ಲೇ ಕಟ್ಟೆಯ ಮೇಲೆ ಕುಳಿತಳು. ಆಮೇಲೆ ಕುಡಿಯಲು ನೀರು ಕೇಳಿದಳು.