ಗಿಟಾರಿನೊಳಗೆ ಕೈ

ನಮ್ಮ ಬಡಿಗರ ಮನೆತನದಲ್ಲಿ ಬಿ.ಎ. ಆದವನು ನಾನೇ ಮೊದಲಿಗ. ಧಾರವಾಡದಲ್ಲಿ ಕಷ್ಟಪಟ್ಟು ಓದಿ, ಬೆಳಗಾವಿಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಅಲ್ಲಿ ಸಂಗೀತ ಕಲಿಸುತ್ತಿದ್ದ ಗೋವೆಯ ಮಾಸ್ತರರ ಗಿಟಾರು ಬೇಸಿಗೆಯ ಒಣ ಹವೆಗೆ ಬಾಜುವಿನ ಹಲಗೆಯಲ್ಲಿ ಸೀಳಿತು. ಬರುವ ಐತವಾರ ಅವರ ಮಗಳ ಮದುವೆ. ತಾವೇ ಬಾರಿಸುವುದಾಗಿ ಅವಳಿಗೆ ಮಾತು ಕೊಟ್ಟಿದ್ದರು. ಅವರನ್ನು ರೈಲು ಹತ್ತಿಸಿ ಖಾನಾಪುರಕ್ಕೆ, ಅಪ್ಪನ ಹತ್ತಿರ ಕರೆದೊಯ್ದೆ.

ಎತ್ತಿನ ಗಾಡಿ ಮಾಡುವ ಅಪ್ಪ ಅಂಥ ವಾದ್ಯವನ್ನು ಕಂಡೇ ಇರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ, ತಂತಿ ಬಿಚ್ಚಿಸಿ, ಸೀಳಿಗೆ ಬಿಸಿ ಅಂಟು ತುಂಬಿದ. ಇನ್ನು ಒಳಗಿನಿಂದ ತೆಳು ಕಟ್ಟಿಗೆಯ ಚೂರು ಹಚ್ಚಿ ಒತ್ತಿ ಹಿಡಿಯಬೇಕು. ಉಳಿ, ಬಾಚಿ ಹಿಡಿದು ದಪ್ಪಗಾದ ಅವನ ಕೈ ಗಿಟಾರಿನ ಮುಖದ ದುಂಡು ಕಿಂಡಿಯಲ್ಲಿ ತೂರಲಿಲ್ಲ.

"ಬಿ.ಎ. ಸಾಹೇಬ್ರ, ನೀವ ಕೈ ಹಾಕ್ರಿ. ಬಾಚಿ ಹಿಡೀದ ಕೈ ಮನ್ಯಾಗ ಅದೊಂದ ಉಳದೈತಿ!"

ನಕ್ಕು ಕೈ ಹಾಕಿ, ಚೂರನ್ನು ಒತ್ತಿ ಕೂತೆ. ಮಾಸ್ತರರು ಕಿಂಡಿಗೆ ಬಾಗಿ, "ಹಿಡೀತೈತೇನ್ರಿ?" ಎಂದರು. ಆ ಗಡಸು ದನಿಗೆ ಹಲಗೆ ನನ್ನ ಬೆರಳ ತುದಿಯಲ್ಲಿ ನಡುಗಿತು. ಕಟ್ಟಿಗೆಯ ನಡುವೆಯೇ ಬೆಳೆದವನು ನಾನು. ಜೀವ ಇದ್ದಂತೆ ಅದು ಅಲುಗಿದ್ದನ್ನು ಅಂದೇ ಮುಟ್ಟಿದ್ದು.

ಮರುದಿನ ತಂತಿ ಬಿಗಿದು ಮಾಸ್ತರರು ಬಾರಿಸಿದರು. ಸೀಳು ಬಿಚ್ಚಲಿಲ್ಲ, ದನಿ ಒಡೆಯಲಿಲ್ಲ. ಅವರ ಕಣ್ಣು ತುಂಬಿತು. ಅಪ್ಪ ಕೆಲಸ ಬಿಟ್ಟು ಎದುರಿಗೆ ಕೂತ.

"ಜಲ್ಮ ಪೂರಾ ಕಟ್ಟಿಗಿ ಸಪ್ಪಳಾ ಮಾಡಿದ್ರ ಎಣ್ಣಿ ಬಿಟ್ಟ ಸುಮ್ಮನಿರಿಸೀನ್ರಿ, ಮಾಸ್ತರ್ರ. ಇದಕ್ಕ ಮಾತ್ರ ಇನ್ನಷ್ಟ ಮಾತಾಡಸ್ರಿ."