ಅಳದ ಮಗುವಿನ ಮೇಲೊಂದು ಕಣ್ಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಟ್ಟೆ ಕಾರ್ಖಾನೆಯ ಹಿಂಬದಿಯ ಶಿಶುಪಾಲನಾ ಕೋಣೆಯಲ್ಲಿ ದೊಡ್ಡಮ್ಮ ಚಾಪೆ ಹಾಸಿ, ಹಾಲಿನ ಬಾಟಲಿಗಳನ್ನು ಕುದಿಯುವ ನೀರಿಗೆ ಹಾಕಿ, ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆರೂವರೆಯ ಪಾಳಿಗೆ ಓಡುವ ತಾಯಂದಿರು ಮಕ್ಕಳನ್ನು ಒಬ್ಬೊಬ್ಬರಾಗಿ ಅವರ ತೋಳಿಗೆ ದಾಟಿಸುತ್ತಾರೆ. ಅಳು, ರಂಪ, ಜಗ್ಗಾಟ.

"ಅಳಲಿ ಬಿಡ್ರೇ, ಗಂಟಲು ಗಟ್ಟಿಯಿದೆ ಅಂತ ಗೊತ್ತಾಗುತ್ತೆ" ಎಂದು ತಾಯಂದಿರನ್ನು ಸಾಗಹಾಕುವ ಅವರ ಕಣ್ಣು ಮಾತ್ರ, ಅಳದೆ, ಹಿಂತಿರುಗಿ ನೋಡದೆ ಒಳಗೆ ಹೋದ ಮಗುವಿನ ಮೇಲಿರುತ್ತದೆ.

ಐವತ್ತೆಂಟರ ಈ ಆಯಾಗೆ ಇಲ್ಲಿ ಹತ್ತೊಂಬತ್ತು ವರ್ಷದ ಸೇವೆ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಮ್ಯಾನೇಜರಿಗೂ ಅವರು ದೊಡ್ಡಮ್ಮನೇ. ಓದಿದ್ದು ಏಳನೇ ತರಗತಿ. ದಿನಕ್ಕೆ ಇಪ್ಪತ್ತಾರು ಮಕ್ಕಳು, ನೋಡಿಕೊಳ್ಳಲು ಮೂವರು. 'ಒಮ್ಮೆ ಡಾಕ್ಟರಿಗೆ ತೋರಿಸಿ' ಎಂದು ಅವರು ಈವರೆಗೆ ಹೇಳಿದ್ದು ಹದಿನಾಲ್ಕು ಮಕ್ಕಳ ಬಗ್ಗೆ. ಒಂಬತ್ತು ಮಕ್ಕಳಲ್ಲಿ ವೈದ್ಯರು ಆಟಿಸಂ ಗುರುತಿಸಿದರು. ಇಬ್ಬರಿಗೆ ಕಿವಿಯ ತೊಂದರೆಯಿತ್ತು. ಉಳಿದ ಮೂವರಿಗೆ ಏನೂ ಇರಲಿಲ್ಲ.

"ಆ ಮೂವರ ಅಮ್ಮಂದಿರ ಹತ್ರ ಚೆನ್ನಾಗಿ ಬೈಸಿಕೊಂಡಿದೀನಿ. ಬೈಸಿಕೊಂಡ್ರೆ ಮೈ ಸವೆಯುತ್ತಾ?"

ಈ ಎಚ್ಚರ ಬಂದದ್ದು ಒಂದು ತಪ್ಪಿನಿಂದ. ಹನ್ನೊಂದು ವರ್ಷದ ಹಿಂದೆ ಒಂದು ಮಗು ದಿನವಿಡೀ ಮೂಲೆಯಲ್ಲಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿರುತ್ತಿತ್ತು. ಕೈಬಿಡುವಿಲ್ಲದ ಕೋಣೆಯಲ್ಲಿ ಅಂಥ ಮಗುವೆಂದರೆ ಪುಣ್ಯ. "ಚಿನ್ನದಂಥ ಕೂಸು, ಇದ್ದದ್ದೇ ಗೊತ್ತಾಗಲ್ಲ ಅಂತ ಅವರಮ್ಮನ ಮುಂದೆ ಎರಡು ವರ್ಷ ಹೊಗಳಿದೆ. ಶಾಲೆಗೆ ಸೇರಿಸಿದಾಗ ಆಟಿಸಂ ಅಂತ ಗೊತ್ತಾಯ್ತು. ಆ ಎರಡು ವರ್ಷಾನ ನಾನೇ ನುಂಗಿಹಾಕ್ದೆ."

ಈ ವರ್ಷ ಅವರನ್ನು ಕಾಡಿದ್ದು ಹೊಲಿಗೆ ವಿಭಾಗದ ಹೆಂಗಸೊಬ್ಬರ ಎರಡೂವರೆ ವರ್ಷದ ಮಗಳು. ಮಾತು ಇನ್ನೂ ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ಸದ್ದು ಮಾಡಿದರೆ ತಟ್ಟನೆ ತಿರುಗುತ್ತಾಳೆ. ಮೂರು ವಾರ ನೋಡಿದ ದೊಡ್ಡಮ್ಮ, ತಾಯಿಯನ್ನು ಬಾಟಲಿ ತೊಳೆಯುವ ಕಡೆ ಕರೆದು, ಒಮ್ಮೆ ಡಾಕ್ಟರಿಗೆ ತೋರಿಸಲು ಬೇರೆಯವರ ಕಿವಿಗೆ ಬೀಳದಂತೆ ಹೇಳಿದರು.

"ಇವಳಪ್ಪಾನೂ ತಡವಾಗೇ ಮಾತಾಡಿದ್ದಂತೆ ದೊಡ್ಡಮ್ಮ. ನಮ್ಮತ್ತೆ ಹೇಳ್ತಾರೆ."

"ಇವಳೂ ಆಡ್ಲಿ ಕಣಮ್ಮ, ನಂಗೇನು ಹೊಟ್ಟೆಕಿಚ್ಚಾ? ತೋರಿಸಿಕೊಂಡು ಬಂದ್ರೆ ಏನು ಗಂಟು ಹೋಗುತ್ತೆ?"

"ಒಂದು ಹೆಸರು ಅಂಟಿಸಿಬಿಟ್ರೆ? ಆಮೇಲೆ ಎಲ್ರೂ ಅದನ್ನೇ ನೋಡ್ತಾರೆ, ಇವಳನ್ನ ನೋಡಲ್ಲ."

ಎರಡು ವಾರ ಆ ತಾಯಿ ಮಗುವನ್ನು ಒಪ್ಪಿಸಿ, ಮುಖ ಕೊಡದೆ ಹೋದರು. ನಾಳೆ ಮಗುವನ್ನು ಕರೆತರದೇ ಇದ್ದರೆ ಎಂಬ ದಿಗಿಲು ದೊಡ್ಡಮ್ಮನಿಗೆ. ಮೂರನೇ ವಾರ ಆ ತಾಯಿ ತಾವಾಗಿಯೇ ಬಂದು ಕೇಳಿದರು: "ನೀವೂ ಜೊತೆಗೆ ಬರ್ತೀರಾ?"

ಇಬ್ಬರೂ ರಜೆ ಹಾಕಿ ಮಗುವನ್ನು ಕರೆದುಕೊಂಡು ಹೋದರು. ಕಿವಿ ಸರಿಯಾಗಿತ್ತು. ಮಕ್ಕಳ ಬೆಳವಣಿಗೆಯ ತಜ್ಞೆ ಒಂದೂವರೆ ಗಂಟೆ ಮಗುವಿನೊಂದಿಗೆ ನೆಲದ ಮೇಲೆ ಕೂತು ಆಡಿದರು; ತಾಯಿಯನ್ನು ಕೇಳಿದರು, ದೊಡ್ಡಮ್ಮನನ್ನೂ ಕೇಳಿದರು. ಆಟಿಸಂ ಎಂದರು. ಹೊರಗಿನ ಬೆಂಚಿನ ಮೇಲೆ ತಾಯಿಯ ಬಾಯಿಂದ ಬಂದದ್ದು ಒಂದೇ ಪ್ರಶ್ನೆ: "ನಾನು ಬಿಟ್ಟು ಕೆಲಸಕ್ಕೆ ಹೋಗಿದ್ದಕ್ಕೆ ಹೀಗಾಯ್ತಾ?"

"ಹಾಗಿದ್ರೆ ನನ್ನ ಕೋಣೇಲಿರೋ ಇಪ್ಪತ್ತಾರಕ್ಕೂ ಆಗ್ಬೇಕಿತ್ತಲ್ಲೇ! ನೀನು ಮಾಡಿದ್ದಲ್ಲ ಇದು. ಡಾಕ್ಟರಮ್ಮನೂ ಅದನ್ನೇ ಅಲ್ವಾ ಹೇಳಿದ್ದು?"

ಈಗ ಮಗುವಿಗೆ ವಾರಕ್ಕೆ ಎರಡು ದಿನ ತರಬೇತಿ. ತರಬೇತಿ ಕೊಡುವವರು ಹೇಳಿದ್ದನ್ನು ದೊಡ್ಡಮ್ಮ ಕೋಣೆಯಲ್ಲೂ ಮಾಡುತ್ತಾರೆ. ನೀರಿನ ಲೋಟವನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಹಿಡಿದು, ಬಾಯಿಗೆ ಇಡದೆ, ಅವಳೇ ನೋಡಿಯೋ ಕೈಚಾಚಿಯೋ ಕೇಳಲೆಂದು ಕಾಯುತ್ತಾರೆ. ಕಳೆದ ವಾರ ಅದನ್ನು ನೋಡಲು ಮಗುವಿನ ಅಜ್ಜಿಯೂ ಬಂದಿದ್ದರು. "ಬಂದಾಗ ನನ್ನನ್ನ ಸುಟ್ಟುಬಿಡೋ ಹಾಗೆ ನೋಡಿದ್ರು. ಹೋಗೋವಾಗ, ಎಷ್ಟು ಹೊತ್ತು ಕಾಯ್ಬೇಕು ಅಂತ ಕೇಳಿಕೊಂಡು ಹೋದ್ರು."

ಮಗು ಮುಂದೆ ಹೇಗಾಗಬೇಕೆಂಬ ಆಸೆ ಎಂದು ಕೇಳಿದರೆ ದೊಡ್ಡಮ್ಮ ಹೇಳುವುದು ಇಷ್ಟೇ:

"ಮಾತು ಯಾವಾಗ ಬರುತ್ತೋ, ಎಷ್ಟು ಬರುತ್ತೋ, ನಾನು ಹೇಳೋಕಾಗಲ್ಲ. ತನಗೆ ಬೇಕಾದ್ದರ ಕಡೆ ಬೆರಳು ತೋರಿಸ್ಲಿ ಸಾಕು. ಕೊಡೋಕೆ ನಾವಿಷ್ಟು ಜನ ಇದೀವಲ್ಲ."