ಗೋಡೆಯಾಚೆ ರೊಟ್ಟಿಯ ಸಪ್ಪಳ

ಇಂದುಬಾಯಿಯವರಿಗೆ ಗೋಡೆಯಾಚೆಯ ರೊಟ್ಟಿ ಕೇಳುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಯಾರಿಗಾದರೂ ಕೇಳುತ್ತದೆ, ಅದರಲ್ಲೇನು ದೊಡ್ಡಸ್ತಿಕೆ ಎಂದು ನೀವು ಅನ್ನಬಹುದು. ಇವರಿಗೆ ಅದು ಎಷ್ಟನೆಯ ರೊಟ್ಟಿ, ತೆಳ್ಳಗಿದೆಯೋ ದಪ್ಪಗಿದೆಯೋ, ಬಡಿಯುತ್ತಿರುವವನು ಮಧ್ಯಾಹ್ನ ಏನು ತಿಂದಿದ್ದಾನೆ ಎನ್ನುವುದೂ ಕೇಳುತ್ತಿತ್ತು. ಬಡಿಯುತ್ತಿದ್ದವನು ನಾನು. ಆದ್ದರಿಂದ ಇದನ್ನು ಸುಳ್ಳು ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನಮ್ಮಿಬ್ಬರ ಮನೆಗಳಿಗೂ ನಡುವೆ ಒಂದೇ ಗೋಡೆ. ಅಡುಗೆಮನೆಯಲ್ಲಿ ಆ ಗೋಡೆಗೊಂದು ಗೂಡು. ಅಲ್ಲಂತೂ ದಪ್ಪ ಅರ್ಧ ಇಟ್ಟಿಗೆಯಷ್ಟೇ. ಇಂದುಬಾಯಿ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಒಂಟಿ ಜೀವ. ತವರು ಕಮಲಾಪುರ, ಅಲ್ಲಿ ತಮ್ಮ ಧರ್ಮಣ್ಣನ ಬಾಳೆತೋಟ. ಎತ್ತರದ ಆಳು, ಬಿಳಿ ಸೀರೆ, ಪಡಸಾಲೆಯಲ್ಲಿ ಬುದ್ಧನ ಪಟ. ಆ ಪಟವನ್ನು ನಾನು ಬೀದಿಯಿಂದಲೇ ನೋಡಿದ್ದು. ಹನ್ನೊಂದು ವರ್ಷ ಬಾಜು ಮನೆಯಲ್ಲಿದ್ದರೂ ನಾನು ಅವರ ಹೊಸ್ತಿಲು ದಾಟಿರಲಿಲ್ಲ, ಅವರ ಮನೆಯ ನೀರು ಕುಡಿದಿರಲಿಲ್ಲ. ಯಾಕೆ ಎಂದು ನೀವು ಕೇಳಬೇಡಿ, ನಮ್ಮ ಕಡೆಯವರಿಗೆ ಅದು ಗೊತ್ತು. ಆಗಿನ್ನೂ ಯಾವ ರೋಗವೂ ಬಂದಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ನನಗೆ ಕಪನೂರಿನಲ್ಲಿ ಮೋಟಾರು ರಿಪೇರಿಯ ಒಂದು ಸಣ್ಣ ಶೆಡ್ಡು. ಬೇಳೆ ಮಿಲ್ಲುಗಳ ಮೋಟಾರು ಕೈಗೆ ಕೊಟ್ಟರೆ ಸುಟ್ಟಿರುವ ತಂತಿಯ ಸುತ್ತು ಯಾವುದೆಂದು ಮೂಸಿ ಹೇಳುತ್ತೇನೆ. ನನ್ನ ದೇಹದೊಳಗೆ ಏನು ಸುಡುತ್ತಿದೆ ಎನ್ನುವುದು ಮಾತ್ರ ಡಾಕ್ಟರು ಚೀಟಿ ಬರೆದು ಕೊಡುವ ತನಕ ಗೊತ್ತಾಗಲಿಲ್ಲ. ಶುಗರು. ಅದೂ ಎಂಥ ವೇಳೆಯಲ್ಲಿ! ಹೆಂಡತಿ ನೀಲಮ್ಮ ಸೊಂಟ ಮುರಿದುಕೊಂಡ ತಾಯಿಯನ್ನು ನೋಡಲು ಕಮಲಾಪುರಕ್ಕೆ ಹೋಗಿದ್ದಳು. ಅವಳು ಅಲ್ಲಿದ್ದಾಗಲೇ ಲಾಕ್‌ಡೌನ್ ಆಯಿತು. ನಾನಿಲ್ಲಿ ಒಬ್ಬನೇ, ಚೀಟಿ ಹಿಡಿದುಕೊಂಡು.

ಆ ದಿನಗಳ ಊರು ನಿಮಗೆ ನೆನಪಿದೆಯೋ ಇಲ್ಲವೋ. ಔಷಧ ತರಲು ಜಗತ್ ಸರ್ಕಲ್ ತನಕ ನಡೆದಿದ್ದೆ. ಒಂದು ಆಟೋ ಇಲ್ಲ, ಒಂದು ನರಪಿಳ್ಳೆ ಇಲ್ಲ. ಬಿಸಿಲು ಮಾತ್ರ. ನನ್ನ ಚಪ್ಪಲಿಯ ಸಪ್ಪಳ ಮುಚ್ಚಿದ ಅಂಗಡಿಗಳಿಗೆ ಬಡಿದು ಹಿಂದಿನಿಂದ ಇನ್ನೊಬ್ಬ ನಡೆದು ಬಂದಂತೆ ಕೇಳುತ್ತಿತ್ತು. ಎರಡು ಸಲ ತಿರುಗಿ ನೋಡಿದೆ. ಮೂರನೆಯ ಸಲ ತಿರುಗಲು ಧೈರ್ಯವಾಗದೆ ಓಡಿಬಂದೆ.

ಪುಣ್ಯವಂತರು ಯಾರೋ ಗಲ್ಲಿಗೆಲ್ಲ ರೇಷನ್ ಕಿಟ್ ಹಂಚಿದರು. ಅಕ್ಕಿ, ಮೈದಾ, ರವೆ, ಸಕ್ಕರೆ, ಬಿಸ್ಕೀಟು. ಶುಗರ್ ಇದ್ದವನನ್ನು ಮುಗಿಸಲು ಬೇಕಾದ ಸಾಮಾನೆಲ್ಲ ಒಂದೇ ಚೀಲದಲ್ಲಿತ್ತು. ಮೂರು ದಿನ ಅನ್ನ ಬೇಯಿಸಿಕೊಂಡು ಉಂಡೆ. ನಾಲ್ಕನೆಯ ದಿನ ಕುಕ್ಕರ್ ಇಡುವಾಗ ಗೂಡಿನೊಳಗಿಂದ ಒಂದು ದನಿ ಬಂತು.

"ಶರಣಪ್ಪ ತಮ್ಮಾ, ಮತ್ತ ಅನ್ನ ಏನೋ? ಗುಳಿಗಿ ತಗೋತಿ, ಮ್ಯಾಲ ಅನ್ನ ಜಡಿತಿ. ಯಾರಿಗೆ ಮೋಸ ಮಾಡಾಕತ್ತಿ?"

ಗೋಡೆಯೇ ಮಾತಾಡಿದಂತಾಗಿ ಕುಕ್ಕರಿನ ಮುಚ್ಚಳ ಕೈಯಿಂದ ಬಿತ್ತು. ಆಮೇಲೆ ಕೇಳಿದೆ, ಅನ್ನ ಎಂದು ಹೇಗೆ ಗೊತ್ತಾಯಿತ್ರಿ ಅಕ್ಕಾ ಎಂದು. "ಅಕ್ಕಿ ತೊಳಿಯೂ ಸಪ್ಪಳ ಬ್ಯಾರೆ, ಬ್ಯಾಳಿ ತೊಳಿಯೂ ಸಪ್ಪಳ ಬ್ಯಾರೆ" ಎಂದರು.

ಹೀಗೆ ನನ್ನ ಪಥ್ಯ ಶುರುವಾಯಿತು. ಇಂದುಬಾಯಿಗೂ ಶುಗರು, ಇಪ್ಪತ್ತು ವರ್ಷದ್ದು. ಸಂಜೆ ಆರೂವರೆಗೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು, ಏಳಕ್ಕೆ ಒಂದೇ ಒಂದು ಜೋಳದ ರೊಟ್ಟಿ ಬಡಿದುಕೊಂಡು ಉಣ್ಣುತ್ತಿದ್ದರು. ಅವರ ಕಾಯಿದೆ ಸರಳ. ತಾಟಿನ ಅರ್ಧ ಪಲ್ಯ. ಪುಂಡಿಯಾಗಲಿ ಮೆಂತ್ಯವಾಗಲಿ ಬದನೆಕಾಯಿಯಾಗಲಿ. ಆಮೇಲೆ ಗಟ್ಟಿ ಬೇಳೆ ಇಲ್ಲವೇ ಮೊಳಕೆ ಬರಿಸಿದ ಹೆಸರು, ಒಂದಿಷ್ಟು ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಮೊಸರು. ಕೊನೆಗೆ ರೊಟ್ಟಿ, ಒಂದು. "ರೊಟ್ಟಿ ಅಂದ್ರ ಬೀಗ್ರು ಇದ್ದಂಗ. ಎಲ್ಲಾರೂ ಕೂತ ಮ್ಯಾಲ ಬರಬೇಕು, ಬಂದವರು ಜಲ್ದಿ ಹೋಗಬೇಕು" ಎನ್ನುತ್ತಿದ್ದರು. ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅದನ್ನೂ ಗೋಡೆಯಾಚೆಯಿಂದಲೇ ಕಲಿಸಿದರು. "ನೀರು ಕುದಿತೇನು? ಹಿಟ್ಟಿಗೆ ಹಾಕು. ಈಗ ಮಿದಿ. ಇನ್ನೂ ಮಿದಿ. ಬೆರಳು ಅಗಲ ಮಾಡಿ ಬಡಿ. ಹಂಗಲ್ಲೋ, ಎಮ್ಮಿ ಬೆನ್ನಿಗೆ ಬಡದಂಗ ಬಡಿಬ್ಯಾಡ!" ಎಂಟು ದಿನಕ್ಕೆ ನನ್ನ ಪರಾತದಲ್ಲಿ, ಆ ಅಗಲ ತಟ್ಟೆಯಲ್ಲಿ, ರೊಟ್ಟಿ ತಿರುಗತೊಡಗಿತು.

ತಿರುಗಿದ ಮೇಲೆ ಕಳ್ಳತನವೂ ಶುರುವಾಯಿತು. ಒಂದೇ ರೊಟ್ಟಿ ಎಂದರೆ ಒಂದೇ, ಆದರೆ ಎರಡರ ಹಿಟ್ಟನ್ನು ಒಂದರಲ್ಲಿ ಹಾಕಿದರೆ ಯಾರು ಕೇಳುತ್ತಾರೆ ಎಂದುಕೊಂಡೆ. ನಾಲ್ಕು ಏಟು ಬಿದ್ದಿರಲಿಕ್ಕಿಲ್ಲ, ಗೂಡು ನಕ್ಕಿತು. "ಕೊರಳು ಬಿಗದವರಂಗ ಕೆಮ್ಮಾಕತ್ತದಲ್ಲೋ ನಿನ್ನ ರೊಟ್ಟಿ. ಅರ್ಧ ಹಿಟ್ಟು ತಗಿ." ತೆಗೆದೆ. ಇನ್ನೊಂದು ದಿನ ಮಧ್ಯಾಹ್ನ ತಡೆಯಲಾರದೆ ಸಕ್ಕರೆ ಡಬ್ಬಿಯ ಮುಚ್ಚಳ ತಿರುಗಿಸಿದೆ. ಪ್ಲಾಸ್ಟಿಕ್ ಡಬ್ಬಿ, ಸಪ್ಪಳವೇ ಇಲ್ಲ. "ಮುಚ್ಚು" ಎಂದಿತು ದನಿ. ಅಷ್ಟೇ. ನಾನು ಮುಚ್ಚಿಟ್ಟು, ಬಹಳ ಹೊತ್ತು ಆ ಗೂಡನ್ನೇ ನೋಡುತ್ತ ಕುಳಿತೆ. ಲಾಕ್‌ಡೌನ್ ಆದಾಗಿನಿಂದ ಅವರ ಮುಖ ನೋಡಿರಲಿಲ್ಲ. ಗೋಡೆಯಾಚೆ ಇರುವವರು ಇಂದುಬಾಯಿಯೇ ಹೌದೋ ಅಲ್ಲವೋ ಎಂಬ ಹುಚ್ಚು ವಿಚಾರ ತಲೆಗೆ ಬಂತು.

ಅದೇ ವಾರ ಅವರು ನನ್ನ ಜೀವ ಉಳಿಸಿದರು. ಬೇಗ ಶುಗರ್ ಇಳಿಸಿಬಿಡುತ್ತೇನೆಂಬ ಹುಕಿಯಲ್ಲಿ ಆ ದಿನ ಬೆಳಿಗ್ಗೆಯಿಂದ ಸೌತೆಕಾಯಿ ಬಿಟ್ಟು ಏನೂ ತಿಂದಿರಲಿಲ್ಲ. ಗುಳಿಗೆ ಮಾತ್ರ ಲೆಕ್ಕ ತಪ್ಪದೆ ನುಂಗಿದ್ದೆ. ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಕೈ ನಡುಗಿತು, ಬೆವರು ಹಿಟ್ಟಿನ ಮೇಲೆ ಬಿತ್ತು, ಪರಾತ ದೂರ ದೂರ ಹೋಗತೊಡಗಿತು. ಆಮೇಲೆ ನೆನಪಿರುವುದು ಬಾಯಿಯಲ್ಲಿ ಬಾಳೆಹಣ್ಣು, ಕೆನ್ನೆಗೆ ಏಟು. ಚಿಲಕ ಹಾಕದ ಬಾಗಿಲು ನೂಕಿ ಬಂದ ಇಂದುಬಾಯಿ ಮಾಸ್ಕ್ ಹಾಕಿಕೊಂಡು ನನ್ನ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದರು.

"ನುಂಗು. ಅಗಿಬ್ಯಾಡ, ನುಂಗು. ಊಟ ಬಿಟ್ಟು ಗುಳಿಗಿ ತಗೊಂಡ್ರ ಶುಗರ್ ಇಳದು ಸಾಯ್ತಾರೋ ಹುಚ್ಚಪ್ಯಾ. ಊಟ ಕಮ್ಮಿ ಮಾಡಿದ್ರ ಡಾಕ್ಟರಿಗೆ ಫೋನ್ ಹಚ್ಚಿ ಗುಳಿಗಿನೂ ಕಮ್ಮಿ ಮಾಡಿಸ್ಬೇಕು."

"ನಿಮಗ ಹ್ಯಾಂಗ ಗೊತ್ತಾತ್ರಿ?"

"ಸಪ್ಪಳ ನಡುವ ನಿಂತ್ತು. ರೊಟ್ಟಿ ಬಡಿಯೂದು ಯಾರೂ ನಡುವ ನಿಲ್ಲಸಂಗಿಲ್ಲ, ಹರದು ಹೋಗ್ತದ. ನಿಂತ್ತು ಅಂದ್ರ ಆ ಮನ್ಯಾಗ ಏನೋ ಆಗ್ಯದ ಅಂತ ಅರ್ಥ."

ಅದು ಕಮಲಾಪುರದ ಕೆಂಪು ಬಾಳೆಹಣ್ಣು. ಪಾಸ್ ಇದ್ದ ತರಕಾರಿ ಗಾಡಿಯಲ್ಲಿ ಧರ್ಮಣ್ಣ ವಾರಕ್ಕೆ ಎರಡು ಹಣ್ಣು ಕಳಿಸುತ್ತಿದ್ದ. ಆ ಹಣ್ಣೆಂದರೆ ಇಂದುಬಾಯಿಗೆ ಪ್ರಾಣ. ಆದರೂ ಇಪ್ಪತ್ತು ವರ್ಷದಿಂದ ತಿಂದಿರಲಿಲ್ಲ, ಮೂಗಿಗೆ ಹಿಡಿದು ಯಾರಿಗಾದರೂ ಕೊಟ್ಟುಬಿಡುತ್ತಿದ್ದರು. "ನಾ ಸತ್ತ ಮ್ಯಾಲ ಒಂದು ಚೂರು ಬಾಯಾಗ ಇಡ್ರಿ. ಆವಾಗ ಶುಗರ್ ಏರಂಗಿಲ್ಲ ನೋಡು" ಎಂದು ನಗುತ್ತಿದ್ದರು. ಅಂದಿನಿಂದ ವಾರವಾರವೂ ಎರಡೂ ಹಣ್ಣು ನಮ್ಮ ಬಾಗಿಲ ಚಿಲಕಕ್ಕೆ ಬಂದು ತೂಗತೊಡಗಿದವು. "ಇವು ತಿನ್ನಾಕಲ್ಲ, ಔಷಧ. ಮೊಳಿಗೆ ಹಾಕಿಡು. ನಿನಗೂ ಆತು, ನಾ ಬಿದ್ರ ನನಗೂ ಆತು. ನನ್ನ ಸಪ್ಪಳಾನೂ ಕೇಳಕೋತ ಇರು."

"ಕೇಳ್ತೇನ್ರಿ ಅಕ್ಕಾ" ಎಂದೆ. ಬಾಯಿತುಂಬ ಎಂದೆ.

ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಐದನೆಯ ವಾರ ನಮ್ಮ ಮನೆ ಹಿಂದಿನ ಗಲ್ಲಿಯಲ್ಲಿ ಒಂದು ಮನೆಯವರನ್ನೆಲ್ಲ ಬಿಳಿ ಉಡುಪಿನವರು ಕರೆದೊಯ್ದರು. ಗಲ್ಲಿಗೆ ಅಡ್ಡ ಬಿದಿರು ಕಟ್ಟಿದರು. ಎರಡು ದಿನದಿಂದ ಗೂಡಿನಾಚೆ ಕೆಮ್ಮು ಕೇಳುತ್ತಿತ್ತು. ಕೇಳಿದರೆ "ಖಾರ ಕುಟ್ಟೀನೋ, ಅದರ ಘಾಟು" ಎಂದರು. ಖಾರ ಕುಟ್ಟಿದ ಸಪ್ಪಳ ನನಗೆ ಕೇಳಿರಲಿಲ್ಲ. ಇಷ್ಟು ದಿನದಲ್ಲಿ ನನ್ನ ಕಿವಿಯೂ ಪಳಗಿತ್ತು.

ಮೂರನೆಯ ಸಂಜೆ ಏಳಕ್ಕೆ ಆಚೆ ದಪದಪ ಶುರುವಾಯಿತು. ಮೆಲ್ಲಗಿತ್ತು, ಆದರೆ ಇತ್ತು. ಹತ್ತು ಏಟು, ಹನ್ನೆರಡು ಏಟು. ನಿಂತಿತು.

ನಾನು ತಾಟಿನಿಂದ ಕೈ ಎತ್ತಿದೆ. ಮತ್ತೆ ಬರಲಿಲ್ಲ. "ಅಕ್ಕಾ" ಎಂದೆ, ನನಗೇ ಕೇಳದಷ್ಟು ಮೆಲ್ಲಗೆ. ಸೂಜಿ ಚುಚ್ಚಿಕೊಂಡಿದ್ದಾರೆ, ಉಂಡಿಲ್ಲ, ನಿಂತಿದೆ. ಎಲ್ಲವೂ ನನಗೆ ಗೊತ್ತಿತ್ತು. ಮೊಳೆಯಿಂದ ಬಾಳೆಹಣ್ಣು ತೆಗೆದುಕೊಂಡು ಬಾಗಿಲ ತನಕ ಹೋದೆ, ಚಿಲಕ ತೆಗೆದೆ. ಅಲ್ಲಿಂದ ಅವರ ಬಾಗಿಲಿಗೆ ಏಳೆಂಟು ಹೆಜ್ಜೆ. ಆ ಕೆಮ್ಮು ನೆನಪಾಯಿತು. ನನಗೂ ಶುಗರು, ಆ ರೋಗ ಬಂದರೆ ಉಳಿಯುವುದಿಲ್ಲ ಎಂದು ಕಾಲು ನನ್ನ ಹೊಸ್ತಿಲಲ್ಲೇ ನಿಂತುಬಿಟ್ಟವು. ಕಾರಣ ಕೆಮ್ಮೊಂದೇ ಎಂದು ಎದೆ ಮುಟ್ಟಿ ಹೇಳಲಾರೆ. ಹನ್ನೊಂದು ವರ್ಷ ದಾಟದ ಹೊಸ್ತಿಲು ಅವರದು, ಕಾಲಿಗೆ ರೂಢಿ ಇರಲಿಲ್ಲ.

ಎಷ್ಟು ಹೊತ್ತು ನಿಂತೆನೋ. ಒಳಗೆ ಅಡುಗೆಮನೆಯ ಗೂಡಿನಿಂದ ಮತ್ತೆ ಕೇಳಿತು. ದಪ, ದಪ, ದಪ. ನಿಧಾನ, ಒಂದೇ ಹದ, ಅವಸರವಿಲ್ಲದ ಏಟುಗಳು. ರೊಟ್ಟಿ ಪೂರ್ತಿ ಆಗುವ ತನಕ ಬಡಿದು ನಿಂತವು. ಸದ್ಯ, ದೇವರು ದೊಡ್ಡವನು ಎಂದುಕೊಂಡು ಚಿಲಕ ಹಾಕಿದೆ. ಬಾಳೆಹಣ್ಣು ಮೊಳೆಗೆ ಹಾಕಿದೆ, ಉಂಡೆ. ಮಲಗುವ ಮುಂಚೆ ಬೆರಳು ಚುಚ್ಚಿ ಶುಗರ್ ನೋಡಿಕೊಂಡೆ, ನೂರಿಪ್ಪತ್ತಾರು ಇತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಶುಗರ್ ಇಳಿದಾಗ ಕಿವಿಯಲ್ಲಿ ಏನೇನೋ ಕೇಳುತ್ತದೆ ಎಂದು ಆಮೇಲೆ ಡಾಕ್ಟರು ಅಂದರು. ನನ್ನದು ಇಳಿದಿರಲಿಲ್ಲ.

ಬೆಳಿಗ್ಗೆ "ಏನ್ ತಿಂದಿ?" ಎಂಬ ಅವರ ದಿನದ ಪ್ರಶ್ನೆ ಬರಲಿಲ್ಲ. ಗೋಡೆ ಬಡಿದೆ. ಫೋನ್ ಹಚ್ಚಿದೆ, ಅದು ಗೂಡಿನಾಚೆಯೇ ರಿಂಗಾಗಿ ರಿಂಗಾಗಿ ನಿಂತಿತು. ಆಂಬುಲೆನ್ಸ್ ಕರೆದೆ. ಬಿಳಿ ಉಡುಪಿನವರು ಬಂದು ಬಾಗಿಲು ನೂಕಿದರು. ಚಿಲಕ ಹಾಕಿರಲೇ ಇಲ್ಲ. ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಕೈಗೆ ಗ್ಲೂಕೋಸ್ ಚುಚ್ಚಿ, ಸ್ಟ್ರೆಚರ್ ಮೇಲೆ ಹಾಕಿಕೊಂಡು ನನ್ನ ಬಾಗಿಲ ಮುಂದೆ ತಂದರು. ಮಾಸ್ಕ್ ಇಲ್ಲದ ಮುಖವನ್ನು ಐದು ವಾರದ ಮೇಲೆ ನೋಡಿದೆ. ಕಣ್ಣು ತೆರೆದಿದ್ದರು.

"ನಡುವ ನಿಂತಿದ್ದು ಕೇಳಸಲಿಲ್ಲೇನೋ ತಮ್ಮಾ?"

"ಕೇಳಸ್ತರಿ ಅಕ್ಕಾ. ಆದರ ಮತ್ತ ಶುರು ಆತಲ್ರಿ? ಪೂರಾ ಬಡದ್ರಲ್ಲ?"

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಗಾಬರಿ ಇತ್ತು. "ನಾ ಎಲ್ಲಿ ಬಡದೀನೋ. ಅವಾಗಿಂದ ಬಿದ್ದೇ ಇದ್ದೀನಲ್ಲ."

ಗಾಡಿಯ ಬಾಗಿಲು ಮುಚ್ಚಿತು. ತೆರೆದೇ ಇದ್ದ ಅವರ ಮನೆಯೊಳಗೆ ಅಡುಗೆಮನೆಯ ಪರಾತ ಕಾಣುತ್ತಿತ್ತು. ಅದರಲ್ಲಿ ಅರ್ಧ ಬಡಿದ ರೊಟ್ಟಿ, ಒಣಗಿ ಬಿರಿದಿತ್ತು. ಮೇಲೆ ಐದು ಬೆರಳಿನ ಗುರುತು. ಇಂದುಬಾಯಿ ನಾಲ್ಕನೆಯ ದಿನ ದವಾಖಾನೆಯಲ್ಲಿ ತೀರಿಕೊಂಡರು. ಬಾಯಲ್ಲಿ ಬಾಳೆಹಣ್ಣಿನ ಚೂರು ಇಡಲು ಯಾರನ್ನೂ ಹತ್ತಿರ ಬಿಡಲಿಲ್ಲ.

ಬಸ್ಸು ಶುರುವಾದ ಮೇಲೆ ನೀಲಮ್ಮನನ್ನು ಕರೆತರಲು ಕಮಲಾಪುರಕ್ಕೆ ಹೋದೆ. ಧರ್ಮಣ್ಣನ ತೋಟಕ್ಕೂ ಹೋದೆ. ಎಲ್ಲವನ್ನೂ ಹೇಳಿ ಕಾಲು ಹಿಡಿಯಬೇಕೆಂದೇ ಹೋಗಿದ್ದು. ಅವನೇ ಮೊದಲು ನನ್ನ ಕೈ ಹಿಡಿದುಕೊಂಡ.

"ನೀವೇ ಏನ್ರಿ ಶರಣಪ್ಪನೋರು? ಇಲ್ಲಿ ಬಂದು ಬಿಡು ಅಕ್ಕಾ, ಒಬ್ಬಾಕಿ ಇರಬ್ಯಾಡ ಅಂತ ದಿನಾ ಫೋನ್ ಮಾಡಿದ್ದೀನ್ರಿ. ಗಾಡಿನೂ ಕಳಸ್ತಿದ್ದೆ. ಬರಲಿಲ್ಲ. ನನಗೇನು ಚಿಂತಿಲ್ಲೋ ಧರ್ಮಾ, ಗ್ವಾಡಿ ಆಚೆ ಶರಣಪ್ಪ ಇದ್ದಾನ, ಅವ ಕೇಳಕೋತ ಇರತಾನ ಅಂತಿದ್ಲು."

ಅವನು ಎರಡು ಕೆಂಪು ಬಾಳೆಹಣ್ಣು ಕಿತ್ತು ಕೈಗಿಟ್ಟ. ತೆಗೆದುಕೊಂಡು ಬಂದೆ. ಇವತ್ತಿನ ತನಕ ಹೇಳಿಲ್ಲ. ಈಗ ಇದನ್ನು ಅವನು ಓದಿದರೆ ಓದಲಿ.

ಇಂದುಬಾಯಿಯ ಮನೆಗೆ ಬೀಗ ಬಿದ್ದೇ ಇದೆ. ನನ್ನ ಶುಗರ್ ಹತೋಟಿಯಲ್ಲಿದೆ. ಅರ್ಧ ತಾಟು ಪಲ್ಯ, ಒಂದು ರೊಟ್ಟಿ ತಪ್ಪಿಲ್ಲ. ಈಗ ನೀಲಮ್ಮ ಬಡಿಯುತ್ತಾಳೆ. ಅವಳು ನಮ್ಮ ರೊಟ್ಟಿ ಮುಗಿಸಿದ ಮೇಲೂ ಕೆಲವು ಸಂಜೆ ಗೂಡಿನಾಚೆ ಸಪ್ಪಳ ಕೇಳುತ್ತದೆ. ಹತ್ತು ಏಟು, ಹನ್ನೆರಡು ಏಟು. ನೀಲಮ್ಮನಿಗೆ ಕೇಳುವುದಿಲ್ಲ. "ಶುಗರ್ ನೋಡ್ಕೋರಿ ಮೊದಲ" ಎನ್ನುತ್ತಾಳೆ. ನೋಡಿಕೊಳ್ಳುತ್ತೇನೆ, ಸರಿಯಾಗಿಯೇ ಇರುತ್ತದೆ. ನಡುವೆ ನಿಂತ ಕೂಡಲೇ ಈಗಲೂ ಮೊಳೆಗೆ ಹಾಕಿಡುವ ಬಾಳೆಹಣ್ಣು ಹಿಡಿದು ಹೋಗುತ್ತೇನೆ, ಆ ಏಳೆಂಟು ಹೆಜ್ಜೆ ಓಡುತ್ತೇನೆ. ಅವರ ಹೊಸ್ತಿಲ ಮೇಲೆ ನಿಂತು, ಬೀಗದ ಮೇಲೆ ಕೈಯಿಟ್ಟು, ಮತ್ತೆ ಶುರುವಾಗಲಿ ಎಂದು ಕಾಯುತ್ತೇನೆ. ಶುರುವಾಗುವುದಿಲ್ಲ.